ತೊಗಟೆ ದುಂಬಿ ಹಾವಳಿ, ಯುರೋಪಿನ ಸ್ಪ್ರೂಸ್ ಕಾಡುಗಳಲ್ಲಿ

ಯುರೋಪಿನ ಸೂಚಿಪರ್ಣಿ ಕಾಡುಗಳಿಗೆ ಅತಿ ಹೆಚ್ಚು ನಷ್ಟ ತಂದಿರುವ ತೊಗಟೆ ದುಂಬಿ ಇಪ್ಸ್ ಟೈಪೋಗ್ರಾಫಸ್. 1758ರಲ್ಲಿ ನಿಸರ್ಗಶಾಸ್ತ್ರಜ್ಞ ಲಿನೇಯಸ್ ಹೆಸರಿಟ್ಟು ವರ್ಣಿಸಿದ ಈ ಕೀಟದ ಉದ್ದ 5 ಮಿಲಿಮೀಟರಿನ ಆಸುಪಾಸು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರನ್ನು ಕಾಡುವ ಕಾಫಿ ಕಾಯಿಕೊರಕವೂ ಇದೇ ಉಪಕುಟುಂಬದ್ದು.

ಗಂಡು ದುಂಬಿ ಸ್ಪ್ರೂಸ್ ಎಂಬ ಸೂಚಿಪರ್ಣಿ ಮರದ ತೊಗಟೆ ಕೊರೆದು ಒಳಹೊಕ್ಕು, ವಾಸನೆ ಬಿಟ್ಟು ಉಳಿದವನ್ನು ಕರೆಯುತ್ತದೆ. ಹೆಣ್ಣು ಕಾಂಡದುದ್ದಕ್ಕೆ ಸುರಂಗ ತೋಡಿ ಮೊಟ್ಟೆಯಿಡುತ್ತದೆ. ಮರಿಹುಳುಗಳು ಅಡ್ಡಲಾಗಿ ಮೇಯುತ್ತ ಒಳತೊಗಟೆಯನ್ನು ಮುಗಿಸುತ್ತವೆ. ಎಲೆಯಿಂದ ಬೇರಿಗೆ ಆಹಾರ ಇಳಿಯುವ ದಾರಿ ಅಲ್ಲಿಗೆ ಕಡಿಯಿತು. ದುಂಬಿಯ ಮೈಗಂಟಿ ಬಂದ ಶಿಲೀಂಧ್ರ ನೀರೇರುವ ದಾರಿಯನ್ನೂ ಕಟ್ಟುತ್ತದೆ. ಗಟ್ಟಿ ಮರ ರಾಳ ಸುರಿಸಿ ಶತ್ರುವನ್ನು ಹೊರದೂಡಬಲ್ಲದು. ಹಾಗಾಗಿ ಸಾಮಾನ್ಯ ವರ್ಷಗಳಲ್ಲಿ ಬಿದ್ದ, ಬಡಕಲಾದ ಮರಗಳಷ್ಟೇ ದುಂಬಿಯ ಪಾಲು. ಬಿರುಗಾಳಿಯೋ ಬರವೋ ಬಂದರೆ ನಿಂತ ಕಾಡಿಗೂ ಉಳಿಗಾಲವಿಲ್ಲ.

ತಪ್ಪನ್ನೆಲ್ಲ ದುಂಬಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ಗಣಿ, ಕುಲುಮೆಗಳಿಗೆಂದು ಬೀಚ್ ಮರಗಳನ್ನು ಕಡಿದ ಜಾಗದಲ್ಲೆಲ್ಲ ಬೇಗ ಬೆಳೆಯುವ ಸ್ಪ್ರೂಸ್ ಒಂದೇ ಹಬ್ಬಿತು. 18ನೇ ಶತಮಾನದ ಕೊನೆಗೆ ಅಲ್ಲಿ ಕಾಡು ಒಣಗತೊಡಗಿದಾಗ, ದುಂಬಿಯಿಂದ ಮರ ಸಾಯುತ್ತದೆಯೋ, ಸಾಯುವ ಮರಕ್ಕೆ ದುಂಬಿ ಬರುತ್ತದೆಯೋ ಎಂಬ ವಾದವೆದ್ದಿತು. ನಿಸರ್ಗಶಾಸ್ತ್ರಜ್ಞ ಯೋಹಾನ್ ಫ್ರೀಡ್ರಿಖ್ ಗ್ಮೆಲಿನ್ 1787ರಲ್ಲಿ ಈ ಪಿಡುಗಿನ ಮೇಲೆ ಪುಸ್ತಕವನ್ನೇ ಬರೆದ. 1868–70ರ ಬಿರುಗಾಳಿಗಳ ಬೆನ್ನಿಗೆ ಬೊಹೀಮಿಯದ ಶುಮಾವಾ ಕಾಡು, ಎರಡನೇ ಮಹಾಯುದ್ಧದ ಬೆನ್ನಿಗೆ ಮಧ್ಯ ಯುರೋಪಿನ ಬಹುಭಾಗ ಇದೇ ಪಾಡು ಪಟ್ಟವು.

ಹುಳು ಹತ್ತಿದ ಮರವನ್ನು ಕಡಿದು, ತೊಗಟೆ ಸುಲಿದು, ಹೊರಸಾಗಿಸುವುದು ಹಳೆಯ ಮದ್ದು. 1970ರ ದಶಕದ ಹಾವಳಿಯಲ್ಲಿ ನಾರ್ವೆ ದುಂಬಿಯ ವಾಸನೆಯನ್ನೇ ಕೃತಕವಾಗಿ ತಯಾರಿಸಿ, ಲಕ್ಷಗಟ್ಟಲೆ ಬಲೆಗಳಲ್ಲಿ ನೂರಾರು ಕೋಟಿ ದುಂಬಿಗಳನ್ನು ಹಿಡಿಯಿತು. ಹಾವಳಿ ಇಳಿದದ್ದು ಬಲೆಯಿಂದಲೋ ಹವೆಯಿಂದಲೋ ಎಂಬುದು ಬೇರೆ ಮಾತು.

ಕಡಿದು ಸಾಗಿಸುವ, ಬಲೆಯೊಡ್ಡುವ ಈ ದಾರಿಗೆ ತದ್ವಿರುದ್ಧವಾದ ಹೆಜ್ಜೆ 1970ರಲ್ಲಿ ತೆರೆದ ಬವೇರಿಯನ್ ಅರಣ್ಯ ರಾಷ್ಟ್ರೀಯ ಉದ್ಯಾನದ್ದು. 1983ರ ಬಿರುಗಾಳಿ ಕೆಡವಿದ ಮರಗಳನ್ನು ಮುಟ್ಟಬೇಡಿ ಎಂದು ಬವೇರಿಯದ ಸಚಿವ ಹಾನ್ಸ್ ಐಸೆನ್‌ಮನ್ ತೀರ್ಮಾನಿಸಿದರು. 1990ರ ದಶಕದಲ್ಲಿ ಸಾವಿರಾರು ಹೆಕ್ಟೇರ್ ಸ್ಪ್ರೂಸ್ ಬೂದುಬಣ್ಣಕ್ಕೆ ತಿರುಗಿದಾಗ ಸುತ್ತಲ ಊರಿನವರು ಸಿಡಿದೆದ್ದರು. ಆದರೆ ಒಣಮರಗಳ ಕೆಳಗೆ ಯಾರೂ ನೆಡದ ಸ್ಪ್ರೂಸ್, ರೋವನ್ ಸಸಿಗಳು ದಟ್ಟವಾಗಿ ಎದ್ದವು.

2018–20ರ ಬರ, ಕಡಿಯಬೇಕೆನ್ನುವ ಮತ್ತು ಮುಟ್ಟಬಾರದೆನ್ನುವ ಎರಡೂ ಪಂಥಗಳಿಗೆ ಸವಾಲಾಯಿತು. ಜೆಕ್ ಗಣರಾಜ್ಯದಲ್ಲಿ ಕಡಿಯುವ ಕೈ ಸಾಲದಾಯಿತು, ಹುಳು ಹತ್ತಿದ ಮರ ಮಾರುಕಟ್ಟೆಯಲ್ಲಿ ತುಂಬಿ ಬೆಲೆ ನೆಲಕಚ್ಚಿತು. ಹಾರ್ಟ್ಸ್‌ನ ಬೆಟ್ಟಸಾಲು ಮತ್ತೆ ಒಣಗಿತು. ಅಲ್ಲಿ ಈಗ ಬೀಚ್ ಮರಗಳನ್ನು ನೆಡುತ್ತಿದ್ದಾರೆ.