ನಳಿಗೆ ಯಾರ ಹೆಸರಿನಲ್ಲಿ?

ಅಮೆರಿಕದ ಕೇಂದ್ರ ಕಾನೂನಿನ ಕಣ್ಣಿಗೆ ರೈಫಲ್ ಎಂದರೆ ಅದರ ನಳಿಗೆಯಲ್ಲ, ಮರದ ಹಿಡಿಯೂ ಅಲ್ಲ. ಇವೆರಡರ ನಡುವೆ ಕೂತು ತೋಟಾವನ್ನು ಒಳಗೆ ಹಿಡಿದುಕೊಳ್ಳುವ ಉಕ್ಕಿನ ಗೂಡಿದೆಯಲ್ಲ, ಇಲ್ಲಿನವರು ರಿಸೀವರ್ ಎನ್ನುತ್ತಾರೆ, ಅದೇ ರೈಫಲ್. 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ಕ್ರಮಸಂಖ್ಯೆ ಕೊರೆಯುವುದು ಅದರ ಮೇಲೆ. ನಳಿಗೆ ಬರೀ ಬಿಡಿಭಾಗ. ನಮ್ಮ 1959ರ ಆಯುಧ ಕಾಯ್ದೆ ಹಾಗಲ್ಲ, ‘ಆಯುಧ’ ಎಂಬ ಮಾತಿನೊಳಗೆ ಆಯುಧದ ಭಾಗಗಳನ್ನೂ ಸೇರಿಸಿಕೊಂಡಿದೆ. ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತುಕೊಂಡು ಹೋಗಿ ಒಪ್ಪಿಸುವ ಮಲೆನಾಡಿನವರಿಗೆ, ನಳಿಗೆಯನ್ನು ಅಂಗಡಿಯಿಂದ ಸೈಕಲ್ ಚೈನಿನ ಹಾಗೆ ತರಿಸಿಕೊಳ್ಳಬಹುದು ಎಂದರೆ ನಂಬಿಕೆ ಬರುವುದಿಲ್ಲ. ಕೊಪ್ಪದ ನಮ್ಮ ದೊಡ್ಡಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ನಳಿಗೆ ಬದಲಾಯಿಸಿದ ಮೇಲೆ ಅದು ಅದೇ ಕೋವಿ ಹೆಂಗಾಗ್ತದೆ ಮಾರಾಯ?”

ನಾನು ಓದಿದ್ದು ಬಿ.ಕಾಂ., ಆಮೇಲೆ ಸಿ.ಎ. ಡೆನ್ವರ್ ಊರಿನಲ್ಲಿ ಲೆಕ್ಕಪತ್ರ ನೋಡಿಕೊಂಡು ಹದಿನಾಲ್ಕು ವರ್ಷವಾಯಿತು. ಬೇಟೆ ನನ್ನ ಹವ್ಯಾಸವಲ್ಲ. ಆದರೆ ದೊಡ್ಡಪ್ಪನ ಪ್ರಶ್ನೆ ಅಪ್ಪಟ ಲೆಕ್ಕಿಗನ ಪ್ರಶ್ನೆ. ಸ್ಥಿರಾಸ್ತಿಗಳ ಲೆಕ್ಕಕ್ಕೆ ಇರುವ ಅಂತರರಾಷ್ಟ್ರೀಯ ಮಾನದಂಡ 16ರಲ್ಲಿ ಕುಲುಮೆಯ ಉದಾಹರಣೆ ಬರುತ್ತದೆ. ಕುಲುಮೆ ಬಹುಕಾಲ ಬಾಳುತ್ತದೆ, ಅದರ ಒಳಪದರ ಇಂತಿಷ್ಟು ತಾಸು ಉರಿದ ಮೇಲೆ ಸವೆಯುತ್ತದೆ. ಪದರ ಬದಲಾಯಿಸಿದಾಗ ಹಳೆಯದನ್ನು ಪುಸ್ತಕದಿಂದ ತೆಗೆದು ಹೊಸದನ್ನು ಬರೆಯಬೇಕು. ಕುಲುಮೆ ಮಾತ್ರ ಅದೇ ಕುಲುಮೆ. ಹತ್ತೊಂಬತ್ತನೆಯ ಶತಮಾನದ ಒಂಟಿ ತೋಟಾದ ಬೇಟೆ ರೈಫಲ್ಲುಗಳ ಚರಿತ್ರೆಯನ್ನು ಓದುತ್ತಾ ಹೋದಾಗ ನನಗೆ ಕಂಡದ್ದು ಇದೇ. ಅಲ್ಲಿ ಪುಸ್ತಕದಲ್ಲಿ ಉಳಿದದ್ದು ಕುಲುಮೆ ಕಟ್ಟಿದವರ ಹೆಸರು, ಪದರ ಹಾಕಿದವರದ್ದಲ್ಲ.

ಮೊದಲು ವಸ್ತುವಿನ ಪರಿಚಯ. ನಮ್ಮ ಕಡೆಯ ಒಂಟಿನಳಿಗೆ ಕೋವಿಯ ಒಳಮೈ ನುಣುಪು, ಚರೆ ಹಾರಿಸಲು ಅಷ್ಟು ಸಾಕು. ರೈಫಲ್ ನಳಿಗೆಯ ಒಳಗೆ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಗುಂಡು ಆ ಗೀರುಗಳನ್ನು ಕಚ್ಚಿ ಬುಗುರಿಯ ಹಾಗೆ ತಿರುಗುತ್ತಾ ಹೊರಬೀಳುತ್ತದೆ, ಆದ್ದರಿಂದಲೇ ದಾರಿ ತಪ್ಪುವುದಿಲ್ಲ. ಒಂಟಿ ತೋಟಾದ ರೈಫಲ್ಲಿನಲ್ಲಿ ಹಿಡಿಯ ಹತ್ತಿರದ ಸನ್ನೆಯನ್ನು ಕೆಳಕ್ಕೆಳೆದರೆ ಉಕ್ಕಿನ ಗಟ್ಟಿ ಬಾಗಿಲೊಂದು ಜಾರಿ ಇಳಿಯುತ್ತದೆ, ತೋಟಾ ಇಟ್ಟು ಸನ್ನೆ ಮೇಲಕ್ಕೆತ್ತಿದರೆ ಮುಚ್ಚಿಕೊಳ್ಳುತ್ತದೆ. ಈ ಬಾಗಿಲಿನ ಏರ್ಪಾಡಿಗೆ ಆಕ್ಷನ್ ಎಂದು ಹೆಸರು. ಅದು ಸವೆಯುವುದು ತೀರ ಕಡಿಮೆ. ನಳಿಗೆ ಹಾಗಲ್ಲ. ತೋಟಾ ಕೂರುವ ಜಾಗದ ಮುಂದೆಯೇ ಇರುವ ‘ಗಂಟಲು’ ಪ್ರತಿ ಈಡಿಗೂ ಬೆಂಕಿ ನುಂಗುತ್ತದೆ. ತುದಿಯ ‘ಬಾಯಿ’ ಒಂದು ಕಡೆ ತುಸು ನಗ್ಗಿದರೂ ಗುಂಡು ಹೊರಡುವಾಗ ವಾಲುತ್ತದೆ. ಹಳೆಯ ಕಪ್ಪು ಮದ್ದಿನ ಮಸಿಯನ್ನು ಅವತ್ತೇ ತೊಳೆಯದಿದ್ದರೆ ನಾಳೆಗೆ ತುಕ್ಕು. ಗುರಿ ಹೋಯಿತು ಎಂದರೆ ನೂರಕ್ಕೆ ತೊಂಬತ್ತು ಸಲ ಹೋಗಿರುವುದು ನಳಿಗೆ.

ಆಗ ಉಳಿಯುವ ದಾರಿ ಮೂರು. ಒಳಗನ್ನು ಇನ್ನೂ ಅಗಲಕ್ಕೆ ಕೊರೆದು ಹೊಸ ಗೀರು ಹಾಕುವುದು. ಹಳೆಯ ನಳಿಗೆಯೊಳಗೆ ತೆಳ್ಳನೆಯ ಹೊಸ ಕೊಳವೆ ತೂರಿಸಿ ಕೂರಿಸುವುದು. ಇಲ್ಲವೇ ತಿರುಪು ಬಿಚ್ಚಿ ಬೇರೆ ನಳಿಗೆಯನ್ನೇ ಕಟ್ಟುವುದು. ಎರಡನೆಯದಕ್ಕೆ ಸರ್ಕಾರಿ ಕಡತದ ಸಾಕ್ಷಿಯೇ ಇದೆ. ಅಂತರ್ಯುದ್ಧ ಮುಗಿದ ಮೇಲೆ, 1867ರಿಂದ 1869ರ ಒಳಗೆ, ಸೇನೆಯ ಸುಮಾರು 31 ಸಾವಿರ ಷಾರ್ಪ್ಸ್ ಕಾರ್ಬೈನುಗಳನ್ನು ಲೋಹದ ತೋಟಾಕ್ಕೆ ಬದಲಾಯಿಸಲಾಯಿತು. ಒಳ ಅಗಲ 0.5225 ಇಂಚಿಗಿಂತ ಹೆಚ್ಚಾಗಿದ್ದವುಗಳಿಗೆ ಒಳಗೊಳವೆ ಹಾಕಿದರು, ಉಳಿದವನ್ನು ಹಾಗೇ ಬಿಟ್ಟರು. ಇಂಚಿನ ಹತ್ತು ಸಾವಿರದ ಒಂದು ಪಾಲಿನವರೆಗೆ ಗೆರೆ ಎಳೆದು ‘ಇಲ್ಲಿಂದಾಚೆ ಹೊಸ ಪದರ’ ಎಂದು ಬರೆದ ಆ ಅಧಿಕಾರಿ ಯಾರೋ, ನಮ್ಮ ವೃತ್ತಿಯವನೇ ಇರಬೇಕು.

ಷಾರ್ಪ್ಸ್ ಎಂದಕೂಡಲೇ ಇಲ್ಲಿನವರಿಗೆ ನೆನಪಾಗುವುದು ಬೈಸನ್. ನಮ್ಮ ಕಾಟಿಯಲ್ಲ, ಬಯಲುಸೀಮೆಯ ಉಣ್ಣೆ ಮೈಯ ಪ್ರಾಣಿ. 1872ರಿಂದ 1874ರವರೆಗಿನ ಚರ್ಮದ ವ್ಯಾಪಾರದ ಅಂಕಿಗಳನ್ನು ಕರ್ನಲ್ ರಿಚರ್ಡ್ ಡಾಡ್ಜ್ ಎಂಬ ಸೇನಾಧಿಕಾರಿ ಬರೆದಿಟ್ಟಿದ್ದಾನೆ: ರೈಲುಗಳಲ್ಲಿ ಸಾಗಿದ ಚರ್ಮ 13,78,359. ಇಷ್ಟು ಚೊಕ್ಕ ಸಂಖ್ಯೆ ಕಂಡರೆ ಲೆಕ್ಕಪರಿಶೋಧಕನ ಕೈ ತುರಿಸುತ್ತದೆ. ನಿಜವಾಗಿ ಅವನಿಗೆ ಲೆಕ್ಕ ಕೊಟ್ಟದ್ದು ಸಾಂಟಾ ಫೆ ರೈಲ್ವೆ ಒಂದೇ: 1,65,721, ಆಮೇಲೆ 2,51,443, ಕೊನೆಯ ವರ್ಷ 42,289. ಕೂಡಿದರೆ 4,59,453. ಬೇರೆ ಕಂಪನಿಗಳಿಂದ ಅಂಕಿ ಸಿಗದೆ, ಅವೆಲ್ಲ ಸೇರಿ ಇದರ ಎರಡರಷ್ಟು ಸಾಗಿಸಿರಬಹುದು ಎಂದು ಮೂರರಿಂದ ಗುಣಿಸಿದ್ದಾನೆ. ಇಂದಿಗೂ ಅದು ಎಣಿಸಿದ ಸಂಖ್ಯೆಯೆಂಬಂತೆ ಪುಸ್ತಕದಿಂದ ಪುಸ್ತಕಕ್ಕೆ ನಡೆದುಬರುತ್ತಿದೆ. ಆದರೆ ಎಣಿಸಿದ ಮೂರು ಸಂಖ್ಯೆಗಳನ್ನೇ ನೋಡಿ. ಮೂರನೆಯ ವರ್ಷ ಅದು ಕುಸಿದದ್ದು ಕೊಲ್ಲುವವರು ದಣಿದು ಅಲ್ಲ, ಹಿಂಡು ಮುಗಿದು. ಭಾರದ ನಳಿಗೆ, ದೂರದ ಗುರಿ, ಒಂದೇ ಕಡೆ ಕೂತು ಸದ್ದಿಗೆ ಬೆದರದ ಹಿಂಡಿನಿಂದ ಒಂದೊಂದನ್ನೇ ಕೆಡವುವುದು. ಒಳ್ಳೆಯ ಗುರಿ ಎಂಬುದು ತನ್ನಷ್ಟಕ್ಕೆ ಪುಣ್ಯದ ಕೆಲಸವಲ್ಲ. ಈ ಚರಿತ್ರೆ ಬರೆಯುವವರು ಈ ಪುಟವನ್ನು ಹಾರಿಸಿ ಮುಂದೆ ಹೋಗಬಾರದು.

ಅದೇ 1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಹತ್ತಿರದ ಕ್ರೀಡ್‌ಮೂರ್ ಮೈದಾನದಲ್ಲಿ ಐರ್ಲೆಂಡಿನ ತಂಡ ಅಮೆರಿಕದವರೊಡನೆ ಸ್ಪರ್ಧೆಗಿಳಿಯಿತು. 800, 900, 1000 ಗಜ. ಐರಿಷರದ್ದು ಬಾಯಿಯಿಂದ ಮದ್ದು ತುಂಬುವ ರಿಗ್ಬಿ ರೈಫಲ್, ಅಮೆರಿಕದವರದ್ದು ಹಿಂದಿನಿಂದ ತೋಟಾ ಇಡುವ ರೆಮಿಂಗ್ಟನ್ ಮತ್ತು ಷಾರ್ಪ್ಸ್. ಅಮೆರಿಕ 934ಕ್ಕೆ 931ರಿಂದ ಗೆದ್ದಿತು. ಐರಿಷ್ ತಂಡದ ಒಬ್ಬ ಪಕ್ಕದವರ ಗುರಿಹಲಗೆಯ ನಡುವಿಗೆ ಸರಿಯಾಗಿ ಹೊಡೆದು ಸೊನ್ನೆ ಪಡೆದಿದ್ದ. ಅದೊಂದು ಈಡು ಸರಿಯಾಗಿದ್ದರೆ ಕಪ್ ಹಡಗು ಹತ್ತುತ್ತಿತ್ತು. ಹಿಂದಿನಿಂದ ತುಂಬುವ ರೈಫಲ್ಲಿನಲ್ಲಿ ಗುರಿ ಇರುವುದಿಲ್ಲ ಎಂಬ ಮಾತು ಮಾತ್ರ ಅಂದಿಗೆ ಮುಗಿಯಿತು.

ಆಕ್ಷನ್‌ಗಳ ದೊರೆ ಬಂದದ್ದು ಆಮೇಲೆ. ಯೂಟಾದ ಆಗ್ಡನ್ ಊರಿನ ಜಾನ್ ಬ್ರೌನಿಂಗ್ 1879ರಲ್ಲಿ ಪೇಟೆಂಟ್ ಪಡೆದ ಬಾಗಿಲನ್ನು ವಿಂಚೆಸ್ಟರ್ ಕಂಪನಿ 1883ರಲ್ಲಿ 8,000 ಡಾಲರಿಗೆ ಕೊಂಡು 1885ರಿಂದ ಮಾರಾಟಕ್ಕಿಟ್ಟಿತು. ಸುಮಾರು 1920ರವರೆಗೆ 1 ಲಕ್ಷ 40 ಸಾವಿರದ ಆಸುಪಾಸು ತಯಾರಾದವು. ಗಟ್ಟಿತನಕ್ಕೆ ಅದರ ಸಮ ಇರಲಿಲ್ಲ. ಹಾಗಾಗಿಯೇ ಅದರ ಮೊದಲ ನಳಿಗೆ ಸತ್ತ ಮೇಲೂ ಜನ ಎಸೆಯಲಿಲ್ಲ, ಇನ್ನೊಂದು ಕಟ್ಟಿಸಿಕೊಂಡರು.

ಕಟ್ಟಿದವರು ಯಾರು? ನಮ್ಮ ಡೆನ್ವರಿನಲ್ಲೇ ಕಾರ್ಲೋಸ್ ಗೋವ್ ಎಂಬಾತನ ಅಂಗಡಿ ಇತ್ತು. ಅಲ್ಲಿ ಕೆಲಸ ಮಾಡಿ ಆಮೇಲೆ ಸ್ವಂತ ಅಂಗಡಿ ಹಾಕಿದವನು ಜಾರ್ಜ್ ಷೋಯೆನ್, ನಾರ್ವೆಯಿಂದ ಬಂದವನು. ಪರದೇಶದಿಂದ ಬಂದು ಇಲ್ಲಿ ಬೇರೆಯವರ ಆಕ್ಷನ್‌ಗೆ ತನ್ನ ನಳಿಗೆ ತಿರುಪುತ್ತಾ ಬಾಳಿದ ಅವನ ಬಗ್ಗೆ ನನಗೆ ತುಸು ಹೆಚ್ಚೇ ಮಮತೆ, ಕಾರಣ ಹೇಳಬೇಕಾಗಿಲ್ಲ. ಆದರೆ ಎಲ್ಲರಿಗಿಂತ ಮೇಲೆ ಹೆಸರು ಬಂದದ್ದು ಹ್ಯಾರಿ ಪೋಪ್‌ಗೆ. 1861ರಲ್ಲಿ ಹುಟ್ಟಿದ ಪೋಪ್ ಎಂಐಟಿಯಲ್ಲಿ ಓದಿ, ಹಾರ್ಟ್‌ಫರ್ಡಿನಲ್ಲಿ ತನ್ನ ಬಂಧುವಿನ ಸೈಕಲ್ ಕಾರ್ಖಾನೆ ಸೇರಿ, ಬಿಡುವಿನಲ್ಲಿ ನಳಿಗೆ ಕೊರೆಯಲು ಶುರುಮಾಡಿ, ಕೊನೆಗೆ ಅದನ್ನೇ ಕಸುಬು ಮಾಡಿಕೊಂಡ. ಅವನ ನಳಿಗೆಗೆ ಎಂಟು ಗೀರು. ಸುರುಳಿ ಹಿಂದೆ ಸಡಿಲ, ಬಾಯಿಯ ಕಡೆ ಬರುತ್ತಾ ಬಿಗಿ.

ವಿಚಿತ್ರವೆಂದರೆ, ಹಿಂದಿನಿಂದ ತುಂಬುವ ಆಕ್ಷನ್‌ಗೆ ನಳಿಗೆ ಕಟ್ಟಿದ ಪೋಪ್ ಗುಂಡನ್ನು ಮಾತ್ರ ಬಾಯಿಯಿಂದಲೇ ತುಂಬಿಸುತ್ತಿದ್ದ. ಸೀಸದ ಗುಂಡು ಹಿಂದಿನಿಂದ ನುಗ್ಗಿದರೆ ಗೀರುಗಳು ಎಬ್ಬಿಸಿದ ಸೀಸದ ಚೂರು ಅದರ ಬುಡಕ್ಕೆ ಸರಿದು ಅಂಚು ಕೆಡುತ್ತದೆ. ಗುಂಡು ನೆಟ್ಟಗೆ ಹೋಗುವುದು ಬುಡದ ಅಂಚು ಸಮವಾಗಿದ್ದರೆ ಮಾತ್ರ. ಅದಕ್ಕೆ ಅವನು ನಳಿಗೆಯನ್ನು ತುಸು ಉದ್ದ ಮಾಡಿ, ತುದಿಯ ತುಂಡನ್ನು ಕತ್ತರಿಸಿಟ್ಟುಕೊಳ್ಳುತ್ತಿದ್ದ. ತುಂಬುವಾಗ ಆ ‘ಸುಳ್ಳು ಬಾಯಿ’ಯನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿ ಗುಂಡನ್ನು ಒಳಕ್ಕೆ ಒತ್ತಿದರೆ ಗೀರಿಗೆ ಗೀರು ಕೂಡಿಕೊಳ್ಳುತ್ತದೆ. ಆಮೇಲೆ ಅದನ್ನು ತೆಗೆದಿಟ್ಟು, ಹಿಂದಿನಿಂದ ಬರೀ ಮದ್ದಿನ ತೋಟಾ ಇಡುವುದು. ನಮ್ಮ ಪಕ್ಕದ ಬೋಲ್ಡರ್ ಊರಿನ ಸಿ.ಡಬ್ಲ್ಯು. ರೋಲೆಂಡ್ 1901ರಲ್ಲಿ ಪೋಪ್ ನಳಿಗೆಯ ರೈಫಲ್ಲನ್ನು ಆನಿಕೆಯ ಮೇಲಿಟ್ಟು 200 ಗಜದಿಂದ ಹತ್ತು ಈಡು ಹಾರಿಸಿದ. ಎಲ್ಲಕ್ಕಿಂತ ದೂರ ಬಿದ್ದ ಎರಡು ಗುಂಡುಗಳ ನಡುವೆ 0.725 ಇಂಚು. ಮುಕ್ಕಾಲು ಇಂಚೂ ಇಲ್ಲ! ಆ ಅಳತೆಯನ್ನು ಮೀರಿಸಲು ಮುಂದಿನವರು ದಶಕಗಟ್ಟಲೆ ಒದ್ದಾಡಿದರು.

ಅದೇ ವರ್ಷ ಸ್ಟೀವನ್ಸ್ ಕಂಪನಿ ಪೋಪ್‌ನನ್ನು ಸೇರಿಸಿಕೊಂಡು ‘ಸ್ಟೀವನ್ಸ್-ಪೋಪ್’ ಎಂದು ಎರಡೂ ಹೆಸರು ಹಾಕಿ ಮಾರಿತು. ಅದು ಹೆಚ್ಚು ಕಾಲ ನಡೆಯಲಿಲ್ಲ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಅಂಗಡಿ ತೆರೆದ ಬೆನ್ನಿಗೇ ಭೂಕಂಪ ಮತ್ತು ಬೆಂಕಿಯಲ್ಲಿ ಅದು ಹೋಯಿತು. ಆಮೇಲೆ ಜೆರ್ಸಿ ಸಿಟಿಯಲ್ಲಿ ದಶಕಗಳ ಕಾಲ ಒಬ್ಬನೇ ದುಡಿದು 1950ರಲ್ಲಿ ತೀರಿಕೊಂಡ.

ಹೆಸರಿನ ವಿಷಯದಲ್ಲಿ ಬ್ರಿಟಿಷರು ಹೆಚ್ಚು ಪ್ರಾಮಾಣಿಕರು, ಇದನ್ನು ಹೇಳಲು ನನಗೂ ಮುಜುಗರ. ಅವರ ಸೇನೆಯ ಒಂಟಿ ತೋಟಾದ ರೈಫಲ್ ಮಾರ್ಟಿನಿ-ಹೆನ್ರಿ: ಆಕ್ಷನ್ ಸ್ವಿಸ್ ಮಾರ್ಟಿನಿಯದು, ನಳಿಗೆ ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿಯದು. ಅದೇ ಆಕ್ಷನ್‌ಗೆ .303 ನಳಿಗೆ ಕಟ್ಟಿದಾಗ ಮಾರ್ಟಿನಿ-ಮೆಟ್‌ಫರ್ಡ್ ಆಯಿತು. ಕಾರ್ಡೈಟ್ ಮದ್ದಿನ ಬಿಸಿಗೆ ಮೆಟ್‌ಫರ್ಡನ ಆಳವಿಲ್ಲದ ಗೀರುಗಳು ಬೇಗ ಸವೆಯತೊಡಗಿ, 1895ರಲ್ಲಿ ಎನ್‌ಫೀಲ್ಡ್ ಗೀರು ಬಂದಾಗ ಮಾರ್ಟಿನಿ-ಎನ್‌ಫೀಲ್ಡ್. ನಳಿಗೆ ಬದಲಾದ ಹಾಗೆ ಅರ್ಧ ಹೆಸರೂ ಬದಲು. ಬೇಟೆಯ ರೈಫಲ್ಲಿನಲ್ಲೂ ಹಾಗೆಯೇ. ಬ್ರಿಸ್ಟಲ್‌ನ ಗಿಬ್ಸ್ ಅಂಗಡಿ ಮಾರಿದ್ದಕ್ಕೆ ಗಿಬ್ಸ್-ಫಾರ್ಕರ್ಸನ್-ಮೆಟ್‌ಫರ್ಡ್ ಎಂದು ಮೂರು ಹೆಸರು: ಅಂಗಡಿ, ಆಕ್ಷನ್, ಗೀರು.

ಇಲ್ಲಿ ನಮ್ಮ ದೇಶವೂ ಕಥೆಯೊಳಗೆ ಬರುತ್ತದೆ. ಬ್ರಿಟಿಷ್ ಇಂಡಿಯಾದ ಸರ್ಕಾರ ಸುಮಾರು 1907ರಲ್ಲಿ .450 ಅಳತೆಯ ಖಾಸಗಿ ರೈಫಲ್ಲುಗಳ ಆಮದಿಗೆ ತಡೆ ಹಾಕಿತು. ಮಾರ್ಟಿನಿ-ಹೆನ್ರಿಗಳು ದಂಗೆಕೋರರ ಕೈಸೇರಿದ್ದವು, ಅವಕ್ಕೆ ಗುಂಡು ಸಿಗಬಾರದು ಎಂಬುದು ಯೋಚನೆ. ಇಂಗ್ಲೆಂಡಿನ ಕೋವಿ ತಯಾರಕರು ಇಂಡಿಯಾದ ಗಿರಾಕಿಗಳನ್ನು ಬಿಡಲಾರದೆ .465, .470, .476 ಎಂದು ಹೊಸ ಅಳತೆಗಳನ್ನು ಹಿಡಿದರು. ಅಮೆರಿಕದ ಕಾನೂನು ಗೂಡನ್ನು ಎಣಿಸುತ್ತದೆ. ಇಂಡಿಯಾದ ಆ ಆಜ್ಞೆ ತೂತನ್ನು ಅಳೆಯಿತು. ಹುಲಿ, ಕಾಟಿ ಹೊಡೆಯುವ ಒಂದು ಪೀಳಿಗೆಯ ತೋಟಾಗಳ ಅಳತೆಯೇ ಆ ಒಂದು ಸಾಲಿನಿಂದ ಬದಲಾಯಿತು. ಆ ಬೇಟೆಗೆ ನಮ್ಮಲ್ಲಿ ತೆರೆ ಬಿದ್ದದ್ದು 1972ರ ವನ್ಯಜೀವಿ ಕಾಯ್ದೆಯಿಂದ.

ಅಮೆರಿಕದಲ್ಲಿ ಬೇಟೆ ನಿಲ್ಲಲಿಲ್ಲ, ನಳಿಗೆ ಬದಲಾಯಿಸುವುದೂ ನಿಲ್ಲಲಿಲ್ಲ. 1930ರಲ್ಲಿ .22 ಹಾರ್ನೆಟ್ ತೋಟಾ ಬಂದಾಗ ಹಳೆಯ ವಿಂಚೆಸ್ಟರ್ 1885ಗಳಿಗೆ ಇನ್ನೊಂದು ಸುತ್ತು ಹೊಸ ನಳಿಗೆ ಬಿದ್ದವು. 1967ರಲ್ಲಿ ರೂಗರ್ ನಂ. 1 ಫಾರ್ಕರ್ಸನ್‌ನ ನೆನಪಿನಲ್ಲೇ ಹುಟ್ಟಿತು. ಅದರ ಮುಂದಿನ ಮರ ನಳಿಗೆಯ ಕೆಳಗೆ ಚಾಚಿದ ಉಕ್ಕಿನ ಕೊಂಡಿಗೆ ಬಿಗಿದಿರುತ್ತದೆ. ಮರ ನಳಿಗೆಯನ್ನು ಎಲ್ಲಿ, ಎಷ್ಟು ಒತ್ತುತ್ತದೆ ಎಂಬುದರ ಮೇಲೆ ಗುರಿ ಆಡುತ್ತದೆ. ಕೊಂಡಿಯಲ್ಲಿ ಸಣ್ಣ ಸ್ಕ್ರೂ ಕೂರಿಸಿ ಆ ಒತ್ತಡವನ್ನು ಹದಮಾಡುವುದು ಇಲ್ಲಿನ ಬೇಟೆಗಾರರ ಮನೆವಿದ್ಯೆ. ನಳಿಗೆ ಬದಲಾಯಿಸುವ ಮೊದಲು ಇದನ್ನು ಮಾಡಿ ನೋಡು ಎನ್ನುತ್ತಾರೆ, ಅದು ಜಾಣ ಸಲಹೆ.

ಇಷ್ಟಕ್ಕೂ ನಾನು ಈ ವಿಷಯಕ್ಕೆ ಬಂದದ್ದು ಒಂದು ಆಸ್ತಿ ಪಟ್ಟಿಯಿಂದ. ತೀರಿಕೊಂಡವರು ಪೂರ್ವ ಕೊಲೊರಾಡೋದ ರೈತರು. ಪಟ್ಟಿಯಲ್ಲಿ ಒಂದು ವಿಂಚೆಸ್ಟರ್ 1885, ಜೊತೆಗೆ ಮೂರು ನಳಿಗೆ: ಅಜ್ಜನ ಕಾಲದ .38-55, ಅಪ್ಪ ಕಟ್ಟಿಸಿದ ಹಾರ್ನೆಟ್, ಇವರೇ ಕಟ್ಟಿಸಿದ .30-40. ರೈಫಲ್ಲಿನ ಮೇಲಿದ್ದದ್ದು ಮೂರನೆಯದು. ಮೌಲ್ಯಮಾಪಕ ಹೇಳಿದ್ದು ಸ್ಪಷ್ಟವಾಗಿತ್ತು: ಮೊದಲ ನಳಿಗೆ ಹಾಕಿ ಮಾರಿದರೆ ಬೆಲೆ ಹೆಚ್ಚು, ಈಗಿನದರಲ್ಲಿ ಕಡಿಮೆ. ಸಂಗ್ರಾಹಕರಿಗೆ ಬೇಕಾದದ್ದು ‘ಅಸಲಿ’. ಅದರೊಳಗೆ ತುಕ್ಕು ಹಿಡಿದು ಗೀರು ಮಾಸಿದ್ದರೂ ಚಿಂತೆಯಿಲ್ಲ. ಅದೇ ಮೂರನೆಯ ನಳಿಗೆಯ ಮೇಲೆ ಪೋಪ್ ಎಂದಿದ್ದರೆ ಲೆಕ್ಕ ತಿರುಗುಮುರುಗು. ಕೆಲಸ ಒಂದೇ, ಹೆಸರಿದ್ದರೆ ಜಮಾ, ಇಲ್ಲದಿದ್ದರೆ ಖರ್ಚು. ಇದನ್ನು ನಾನು ಒಪ್ಪಲಾರೆ.

ಅವರ ಹೆಂಡತಿ ಒಂದು ನೋಟ್‌ಬುಕ್ ತಂದು ಕೊಟ್ಟರು. ವರ್ಷಕ್ಕೆ ಒಂದೆರಡು ಸಾಲು: ತಾರೀಖು, ಗಾಳಿ, ದೂರ, ಈಡು, ಫಲ. ಬಹುತೇಕ ಸಾಲುಗಳಲ್ಲಿ ಈಡಿನ ಕಲಮಿನಲ್ಲಿ ‘1’. ಒಂದು ವರ್ಷ ಅಕ್ಟೋಬರಿನಲ್ಲಿ ಮಾತ್ರ ‘2’. ಎದುರಿಗೆ ಎಲ್ಕ್ ಹೆಣ್ಣು, ಗಾಯ, ಕತ್ತಲಾಗುವವರೆಗೆ ಹುಡುಕಿದೆ, ಮರುದಿನವೂ ಹುಡುಕಿದೆ, ಸಿಗಲಿಲ್ಲ ಎಂದಿತ್ತು. ಅದರ ಕೆಳಗೆ ಎರಡು ಬೇಸಿಗೆ ಏನೂ ಬರೆದಿಲ್ಲ. ಮುಂದಿನ ಸಾಲು ಬೇಟೆಯದಲ್ಲ: ಹಳೆಯ ನಳಿಗೆಯ ಗಂಟಲು ಹೋಗಿದೆ, ಹೊಸದು ಕಟ್ಟಲು ಕೊಟ್ಟೆ. ಮೈದಾನದಲ್ಲಿ ಗುರಿ ತಪ್ಪಿದರೆ ಅಂಕ ಹೋಗುತ್ತದೆ. ಕಾಡಿನಲ್ಲಿ ತಪ್ಪಿದ್ದು ನೆತ್ತರು ಸುರಿಸಿಕೊಂಡು ನಡೆದುಹೋಗುತ್ತದೆ. ಒಂದೇ ತೋಟಾದ ರೈಫಲ್ ಹಿಡಿಯುವವನಿಗೆ ನಳಿಗೆ ಯಾಕೆ ಬದಲಾಯಿಸಬೇಕು ಎಂಬುದಕ್ಕೆ ನಾನು ಓದಿದ ಯಾವ ಪುಸ್ತಕಕ್ಕಿಂತಲೂ ಆ ಸಾಲು ಚೆನ್ನಾಗಿ ಉತ್ತರ ಹೇಳಿತು.

ರೈಫಲ್ ದೊಡ್ಡ ಮಗನಿಗೆ ಹೋಯಿತು, .30-40 ನಳಿಗೆಯೊಡನೆಯೇ. ಅಸಲಿ ನಳಿಗೆ ಹಾಕಿ ಮಾರುವ ಮಾತು ಅವನು ಎತ್ತಲಿಲ್ಲ. ಆ ನಳಿಗೆಯ ಕೆಳಬದಿಯಲ್ಲಿ, ಮುಂದಿನ ಮರ ಬಿಚ್ಚಿದರೆ ಮಾತ್ರ ಕಾಣುವ ಕಡೆ, ಮಾಡಿದವನು ಒತ್ತಿದ ಎರಡು ಅಕ್ಷರಗಳಿದ್ದವು. ಯಾರದೆಂದು ಮೌಲ್ಯಮಾಪಕನಿಗೂ ತಿಳಿಯಲಿಲ್ಲ. ಪಟ್ಟಿಯ ನಮೂನೆಯಲ್ಲಿ ‘ತಯಾರಕರು’ ಎಂಬ ಕಲಮು ಒಂದೇ ಇದ್ದದ್ದರಿಂದ ಅಲ್ಲಿ ವಿಂಚೆಸ್ಟರ್ ಎಂದೇ ಹೋಯಿತು.