ಬಾರದ ಪಾಯಿಂಟ್‌ಗಳ ಲೆಕ್ಕ: 2007ರಲ್ಲಿ ಬಾಸ್ಟನ್ ತಂಡದ ಡಿಫೆನ್ಸ್

ಈ ಸಲದ ಮಾತು ಅಮೆರಿಕದ ಬಾಸ್ಕೆಟ್‌ಬಾಲ್ ಇತಿಹಾಸದ್ದು. ಎನ್‌ಬಿಎ ನೋಡದವರಿಗೂ ಅರ್ಥವಾಗೋ ಹಾಗೆ ಹೇಳ್ತೀನಿ, ಯಾಕಂದ್ರೆ ಒಳಗಿರೋ ಪ್ರಶ್ನೆ ನಮಗೆಲ್ಲ ಪರಿಚಿತ. ಹೊಸದಾಗಿ ಒಂದು ತಂಡ ಕಟ್ಟಿದ್ದೀರಿ. ಸೀಸನ್ ಇನ್ನೂ ಶುರುವಾಗಿಲ್ಲ. ಇವರು ಎದುರಾಳಿಯನ್ನ ತಡೀತಾರೋ ಇಲ್ವೋ ಅಂತ ಈಗಲೇ ಹೇಳೋಕೆ ಆಗುತ್ತಾ?

2007ರ ಬೇಸಿಗೆಯಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡದ ಮುಂದೆ ಇದ್ದದ್ದು ಇದೇ ಪ್ರಶ್ನೆ. 16 ಸಲ ಚಾಂಪಿಯನ್ ಆದ ತಂಡ ಅದು, ಆದರೆ ಕೊನೆಯ ಗೆಲುವು 1986ರದ್ದು. 2006-07ರಲ್ಲಿ 82 ಪಂದ್ಯಗಳಲ್ಲಿ ಗೆದ್ದಿದ್ದು 24, ಸೋತಿದ್ದು 58. ನಡುವೆ ಸತತ 18 ಸೋಲು. ಅಷ್ಟು ಸೋತವರಿಗೆ ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲ ಅಥವಾ ಎರಡನೇ ಸರದಿ ಸಿಗಬಹುದು ಅನ್ನೋ ಆಸೆ ಇತ್ತು. ಲಾಟರಿ ಎತ್ತಿದಾಗ ಸಿಕ್ಕಿದ್ದು ಐದನೇ ಸರದಿ!

ಮ್ಯಾನೇಜರ್ ಡ್ಯಾನಿ ಏಂಜ್ ಆಗ ದಾರಿಯನ್ನೇ ಬದಲಿಸಿದರು. ಆ ಐದನೇ ಸರದಿಯ ಜೊತೆಗೆ ಇಬ್ಬರು ಆಟಗಾರರನ್ನ ಕೊಟ್ಟು ಸಿಯಾಟಲ್‌ನಿಂದ ರೇ ಆಲನ್‌ನ ತಂದರು. ಜುಲೈ 31ಕ್ಕೆ ಐದು ಜನ ಆಟಗಾರರು, ಎರಡು ಡ್ರಾಫ್ಟ್ ಸರದಿಗಳನ್ನ ಮಿನೆಸೋಟಾಕ್ಕೆ ಕೊಟ್ಟು ಕೆವಿನ್ ಗಾರ್ನೆಟ್‌ನ ತಂದರು. ಪಾಲ್ ಪಿಯರ್ಸ್ ಮೊದಲೇ ಅಲ್ಲಿದ್ದ. ಮೂವರೂ ಮೂವತ್ತರ ಆಸುಪಾಸಿನವರು, ಒಬ್ಬನಿಗೂ ಚಾಂಪಿಯನ್‌ಶಿಪ್ ಇಲ್ಲ. ಎಳೆಯ ಹುಡುಗರಲ್ಲಿ ಹಲವರನ್ನ ಕೊಟ್ಟಾಗಿತ್ತು. ಕೈಕೊಟ್ಟರೆ ಮುಂದಿನ ಹಲವು ವರ್ಷ ಬಾಸ್ಟನ್‌ಗೆ ಏಳೋಕೆ ಆಗ್ತಿರಲಿಲ್ಲ.

ಇವರು ಸ್ಕೋರ್ ಮಾಡ್ತಾರೆ ಅನ್ನೋದರಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಸಂಶಯ ಇದ್ದದ್ದು ಡಿಫೆನ್ಸ್ ಬಗ್ಗೆ. ಪಿಯರ್ಸ್, ಆಲನ್ ಇಬ್ಬರೂ ಹೆಸರು ಮಾಡಿದ್ದು ಸ್ಕೋರರ್‌ಗಳಾಗಿ. ಆಲನ್‌ಗೆ ಎರಡೂ ಕಾಲಿನ ಹಿಮ್ಮಡಿ ಗಂಟಿಗೆ ಆಗಷ್ಟೇ ಆಪರೇಷನ್ ಆಗಿತ್ತು. ಪಾಯಿಂಟ್ ಗಾರ್ಡ್ ರಾಜಾನ್ ರಾಂಡೋಗೆ 21 ವರ್ಷ, ಒಂದೇ ಸೀಸನ್ ಅನುಭವ. ಗಾರ್ನೆಟ್ ಮಾತ್ರ ನಿಜವಾಗಿ ದೊಡ್ಡ ಡಿಫೆಂಡರ್. ಆದ್ರೆ ಅವನೇ ಇದ್ದ ಮಿನೆಸೋಟಾ ಹಿಂದಿನ ಮೂರು ಸೀಸನ್ ಪ್ಲೇಆಫ್ ಮುಟ್ಟಿರಲಿಲ್ಲ. ಅಂದ್ರೆ ಒಬ್ಬ ಒಳ್ಳೆಯವನಿದ್ರೆ ಸಾಕಾಗಲ್ಲ.

ಇಲ್ಲಿ ಸ್ವಲ್ಪ ಹಿಂದೆ ಹೋಗೋಣ. ಇದೇ ಬಾಸ್ಟನ್ 1956ರಲ್ಲೂ ಇಂಥದ್ದೇ ಪಣ ಒಡ್ಡಿತ್ತು. ಕೋಚ್ ರೆಡ್ ಔರ್‌ಬ್ಯಾಕ್ ಇಬ್ಬರು ಒಳ್ಳೆ ಆಟಗಾರರ ಹಕ್ಕನ್ನ ಬಿಟ್ಟುಕೊಟ್ಟು ಬಿಲ್ ರಸೆಲ್‌ನ ತಂದರು. ರಸೆಲ್ ದೊಡ್ಡ ಸ್ಕೋರರ್ ಅಲ್ಲ. ರಿಂಗ್ ಹತ್ತಿರ ಬಂದವರನ್ನ ತಡೆಯೋದು, ರೀಬೌಂಡ್ ಹಿಡಿಯೋದು, ಅದೇ ಅವನ ಕೆಲಸ. 13 ಸೀಸನ್‌ಗಳಲ್ಲಿ ಬಾಸ್ಟನ್ 11 ಸಲ ಗೆದ್ದಿತು. ಸ್ವಾರಸ್ಯ ಏನು ಗೊತ್ತಾ? ರಸೆಲ್ ಎಷ್ಟು ಶಾಟ್ ಬ್ಲಾಕ್ ಮಾಡಿದ ಅನ್ನೋ ಅಧಿಕೃತ ಲೆಕ್ಕವೇ ಇಲ್ಲ. ಎನ್‌ಬಿಎ ಬ್ಲಾಕ್, ಸ್ಟೀಲ್ ಎಣಿಸೋಕೆ ಶುರು ಮಾಡಿದ್ದು 1973-74ರಲ್ಲಿ, ಅವನು ನಿವೃತ್ತನಾಗಿ ನಾಲ್ಕು ವರ್ಷ ಆದಮೇಲೆ. ಟೆಸ್ಟಿಂಗ್‌ನಲ್ಲೋ ಪ್ರೊಡಕ್ಷನ್ ಸಪೋರ್ಟ್‌ನಲ್ಲೋ ಕೆಲಸ ಮಾಡಿದವರಿಗೆ ಇದು ಥಟ್ಟನೆ ಅರ್ಥ ಆಗುತ್ತೆ. ಹೊಸ ಫೀಚರ್ ಡೆಮೋದಲ್ಲಿ ಕಾಣುತ್ತೆ, ಬೀಳದೇ ಉಳಿದ ಸರ್ವರ್ ಯಾರ ಅಪ್ರೈಸಲ್‌ನಲ್ಲೂ ಕಾಣಲ್ಲ.

ಆದರೆ 2007ರ ಬಾಸ್ಟನ್‌ಗೆ ರಸೆಲ್ ಕಾಲದಲ್ಲಿ ಇಲ್ಲದ ಒಂದು ಅನುಕೂಲ ಇತ್ತು. ಎನ್‌ಬಿಎಯಲ್ಲಿ ದಶಕಗಳ ಕಾಲ ಝೋನ್ ಡಿಫೆನ್ಸ್ ನಿಷಿದ್ಧ. ನಿಮ್ಮ ಪಾಲಿನ ಎದುರಾಳಿಯ ಹತ್ತಿರವೇ ಇರಬೇಕು, ಇಲ್ಲಾಂದ್ರೆ ಚೆಂಡು ಇರುವವನ ಮೇಲೆ ಇಬ್ಬರಾಗಿ ಬೀಳಬೇಕು. ನಡುವೆ ಸುಮ್ಮನೆ ಕಾಯುತ್ತಾ ನಿಂತರೆ ತಪ್ಪು. 2001-02ರಿಂದ ಆ ನಿಯಮ ಹೋಯ್ತು. ಎಲ್ಲಿ ಬೇಕಾದರೂ ನಿಲ್ಲಬಹುದು. ಒಂದೇ ಷರತ್ತು: ಯಾರನ್ನೂ ಹತ್ತಿರದಿಂದ ಕಾಯದೆ ರಿಂಗ್ ಮುಂದಿನ ಚೌಕದಲ್ಲಿ ಮೂರು ಸೆಕೆಂಡ್‌ಗಿಂತ ಹೆಚ್ಚು ನಿಲ್ಲುವಂತಿಲ್ಲ.

ಆ ಸಡಿಲಿಕೆಯನ್ನ ಪೂರ್ತಿ ಬಳಸಿಕೊಂಡವರಲ್ಲಿ ಮುಖ್ಯ ಹೆಸರು ಟಾಮ್ ಥಿಬೊಡೊ. 2007ರ ಬೇಸಿಗೆಯಲ್ಲಿ ಹ್ಯೂಸ್ಟನ್‌ನಿಂದ ಬಾಸ್ಟನ್‌ಗೆ ಬಂದ ಸಹಾಯಕ ಕೋಚ್. ಹೆಡ್ ಕೋಚ್ ಡಾಕ್ ರಿವರ್ಸ್ ಡಿಫೆನ್ಸ್ ಜವಾಬ್ದಾರಿಯನ್ನ ಅವರಿಗೇ ಒಪ್ಪಿಸಿದರು.

ಅವರ ಯೋಜನೆ ಅರ್ಥವಾಗಬೇಕಾದ್ರೆ ನಮ್ಮ ಕಬಡ್ಡಿ ನೆನಪಿಸಿಕೊಳ್ಳಿ. ರೇಡರ್ ಎಡಮೂಲೆ ಕಡೆ ನುಗ್ಗಿದಾಗ ಅಲ್ಲಿಯ ಕಾರ್ನರ್ ಒಬ್ಬನೇ ಅವನನ್ನ ನೋಡ್ಕೊಳ್ಳಲ್ಲ. ಇಡೀ ಸಾಲು ಆ ಕಡೆ ಸರಿಯುತ್ತೆ. ಕಾರ್ನರ್ ಕಾಲಿಗೆ ಕೈ ಹಾಕೋ ಹೊತ್ತಿಗೆ ಕವರ್ ಪಕ್ಕದಲ್ಲೇ ಇರಬೇಕು. ಥಿಬೊಡೊ ಮಾಡಿಸಿದ್ದೂ ಹೆಚ್ಚುಕಮ್ಮಿ ಇದನ್ನೇ. ಚೆಂಡು ಇರುವವನನ್ನ ಅಂಕಣದ ನಡುವೆ ಬರೋಕೆ ಬಿಡಬೇಡಿ, ಗೆರೆ ಕಡೆ ತಳ್ಳಿ. ಆ ಬದಿಗೆ ಇನ್ನೊಬ್ಬ ಡಿಫೆಂಡರ್ ಮೊದಲೇ ಸರಿದು ನಿಂತಿರಲಿ. ಆಚೆ ಬದಿ ತುಸು ಖಾಲಿಯಾಗುತ್ತೆ, ಪರವಾಗಿಲ್ಲ. ಉದ್ದದ ಪಾಸ್ ಗಾಳಿಯಲ್ಲಿ ಇರುವಷ್ಟು ಹೊತ್ತಿನಲ್ಲಿ ಐದೂ ಜನ ಓಡಿ ಜಾಗ ಬದಲಿಸಬೇಕು.

ಇದಕ್ಕೆ ಐದು ಜನ ಮಹಾನ್ ಡಿಫೆಂಡರ್‌ಗಳು ಬೇಕಿಲ್ಲ. ಬೇಕಾದ್ದು ಜಾಗದ ಅರಿವು, ಓಡೋ ಮನಸ್ಸು, ಹಿಂದಿನಿಂದ ಕೂಗಿ ಹೇಳೋ ಒಬ್ಬ. ಗಾರ್ನೆಟ್‌ನ ಬಾಯಿ ಸುಮ್ಮನಿದ್ದದ್ದೇ ಇಲ್ಲ! ಅವನು ಕೂಗಿ ಹೇಳ್ತಿದ್ದ, ಪಿಯರ್ಸ್ ಮತ್ತು ಆಲನ್ ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ತಲುಪುತ್ತಿದ್ದರು.

ಅಕ್ಟೋಬರ್‌ನಲ್ಲಿ ತಂಡ ತರಬೇತಿಗೆ ರೋಮ್‌ಗೆ ಹೋಯ್ತು. ಸೀಸನ್ ಶುರುವಾದ ಮೇಲೆ ಮೊದಲ 32 ಪಂದ್ಯಗಳಲ್ಲಿ 29 ಗೆಲುವು. ಕೊನೆಗೆ ಲೆಕ್ಕ 66-16. ಒಂದೇ ವರ್ಷದಲ್ಲಿ 42 ಗೆಲುವು ಜಾಸ್ತಿ, ಅದು ಎನ್‌ಬಿಎ ದಾಖಲೆ. ಎದುರಾಳಿಗಳಿಗೆ ಸಿಕ್ಕಿದ್ದು ಪಂದ್ಯಕ್ಕೆ ಸರಾಸರಿ 90.3 ಪಾಯಿಂಟ್. ಗಾರ್ನೆಟ್ ಆ ವರ್ಷದ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ಗೆದ್ದ.

ನಿಜವಾದ ಪರೀಕ್ಷೆ ಆಗಿದ್ದು ಲೇಕರ್ಸ್ ಎದುರಿನ ಫೈನಲ್ಸ್‌ನ ನಾಲ್ಕನೇ ಪಂದ್ಯದಲ್ಲಿ. ಲಾಸ್ ಏಂಜಲೀಸ್‌ನಲ್ಲಿ ಬಾಸ್ಟನ್ ಒಂದು ಹಂತದಲ್ಲಿ 24 ಪಾಯಿಂಟ್ ಹಿಂದೆ ಬಿದ್ದಿತ್ತು. ಮೊದಲರ್ಧದಲ್ಲಿ 58 ಪಾಯಿಂಟ್ ಹೊಡೆದ ಲೇಕರ್ಸ್‌ಗೆ ಉಳಿದರ್ಧದಲ್ಲಿ ಸಿಕ್ಕಿದ್ದು ಬರೀ 33. ಬಾಸ್ಟನ್ 97-91ಕ್ಕೆ ಗೆದ್ದಿತು. ಆ ಅರ್ಧದಲ್ಲಿ ಕೋಬಿ ಬ್ರಯಾಂಟ್‌ನ ಕಾಯೋ ಕೆಲಸವನ್ನ ಕೇಳಿ ವಹಿಸಿಕೊಂಡವನು, ಬರೀ ಸ್ಕೋರರ್ ಅನ್ನಿಸಿಕೊಂಡಿದ್ದ ಪಿಯರ್ಸ್. ಜೂನ್ 17ರಂದು ಆರನೇ ಪಂದ್ಯವನ್ನ 131-92ಕ್ಕೆ ಗೆದ್ದು ತಂಡ 17ನೇ ಸಲ ಚಾಂಪಿಯನ್ ಆಯ್ತು.

ಹಾಗಂತ ಯೋಜನೆ ಒಂದೇ ಎಲ್ಲ ಅಲ್ಲ. 2009ರ ಫೆಬ್ರವರಿಯಲ್ಲಿ ಗಾರ್ನೆಟ್ ಮೊಣಕಾಲಿಗೆ ಪೆಟ್ಟಾಯ್ತು. ಅವನಿಲ್ಲದ ತಂಡ ಆ ವರ್ಷ ಪ್ಲೇಆಫ್‌ನ ಎರಡನೇ ಸುತ್ತಲ್ಲೇ ಸೋತಿತು. 2010ರ ಫೈನಲ್ಸ್‌ನ ಏಳನೇ ಪಂದ್ಯಕ್ಕೆ ಸೆಂಟರ್ ಪರ್ಕಿನ್ಸ್ ಗಾಯದಿಂದ ಹೊರಗೆ. ರೀಬೌಂಡ್‌ನಲ್ಲಿ ಹಿಂದೆ ಬಿದ್ದ ಬಾಸ್ಟನ್ ನಾಲ್ಕೇ ಪಾಯಿಂಟ್‌ಗಳಿಂದ ಸೋತಿತು.

ಆದ್ದರಿಂದ ಯಾವುದೇ ತಂಡದ ಮುಂದಿನ ಸೀಸನ್ ಡಿಫೆನ್ಸ್ ಹೇಗಿರುತ್ತೆ ಅಂತ ಯೋಚಿಸುವಾಗ ಆಟಗಾರರ ಹಿಂದಿನ ಅಂಕಿಗಳನ್ನ ಕೂಡಿಸಿದರೆ ಉತ್ತರ ಸಿಗಲ್ಲ. ಮೂರು ಪ್ರಶ್ನೆ ಕೇಳಿ. ನಿಯಮ ಬಿಟ್ಟುಕೊಟ್ಟ ಜಾಗವನ್ನ ಬಳಸೋ ಯೋಜನೆ ಇದೆಯಾ? ಹಿಂದೆ ನಿಂತು ಎಲ್ಲರಿಗೂ ಕೂಗಿ ಹೇಳೋನು ಯಾರು? ಅವನು ಒಂದು ತಿಂಗಳು ರಜೆ ಹಾಕಿದ್ರೆ ಆ ಜಾಗದಲ್ಲಿ ಯಾರು? ಕೊನೆಯ ಪ್ರಶ್ನೆಯನ್ನ ಸೋಮವಾರ ನಿಮ್ಮ ಸ್ಟ್ಯಾಂಡಪ್‌ನಲ್ಲೂ ಒಮ್ಮೆ ಕೇಳಿ ನೋಡಿ. ಮತ್ತೆ ಸಿಗೋಣ.