ಮಧುಗಿರಿಯಿಂದ ಕೊರಟಗೆರೆಗೆ: ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಒಂದು ರಾಜಕೀಯ ಜೀವನ

ರಾಜಕಾರಣಿಗಳ ಏಳುಬೀಳುಗಳಿಗೆ ಪಕ್ಷ ಮತ್ತು ಜಾತಿಯಲ್ಲಿ ಕಾರಣ ಹುಡುಕುವುದು ನಮ್ಮ ಅಧ್ಯಯನಗಳ ವಾಡಿಕೆ. ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳಲ್ಲಿ ಕ್ಷೇತ್ರದ ಗಡಿಯೂ ಅಷ್ಟೇ ಬಲವಾದ ಕಾರಣವಾಗಿದೆ. ಜಿ. ಪರಮೇಶ್ವರ ಅವರ ರಾಜಕೀಯ ಜೀವನ ಇದಕ್ಕೆ ಸ್ಪಷ್ಟ ನಿದರ್ಶನ.

ಅಡಿಲೇಡ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಸಂಶೋಧನೆ ಮುಗಿಸಿ ಬಂದ ಅವರು ಪಂಚಾಯಿತಿ ಮೆಟ್ಟಿಲು ಹತ್ತಿ ಮೇಲೇರಿದವರಲ್ಲ. ಕಾಂಗ್ರೆಸ್ ಸಂಘಟನೆಯ ಮೂಲಕ ನೇರವಾಗಿ ವಿಧಾನಸಭೆಗೆ ಬಂದವರು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಮಧುಗಿರಿಯಿಂದ 1989, 1999 ಮತ್ತು 2004ರಲ್ಲಿ ಗೆದ್ದರು. 1999ರ ಗೆಲುವಿನ ಅಂತರ 55,802 ಮತ. ಅಷ್ಟು ಗಟ್ಟಿಯಾದ ನೆಲೆಯನ್ನು ಅವರಿಂದ ಕಿತ್ತುಕೊಂಡದ್ದು ಯಾವ ಎದುರಾಳಿಯೂ ಅಲ್ಲ. 2008ರ ಪುನರ್ವಿಂಗಡಣೆಯಲ್ಲಿ ಮಧುಗಿರಿ ಸಾಮಾನ್ಯ ಕ್ಷೇತ್ರವಾಯಿತು, ಪಕ್ಕದ ಕೊರಟಗೆರೆ ಮೀಸಲಾಯಿತು. ಪರಿಶಿಷ್ಟ ಜಾತಿಯ ಜನಸಂಖ್ಯೆ ಹೆಚ್ಚಿರುವ ಕಡೆ, ಆದರೆ ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹಂಚಿಕೆಯಾಗುವಂತೆ, ಮೀಸಲು ಕ್ಷೇತ್ರ ಗುರುತಿಸಬೇಕೆಂಬುದು 2002ರ ಕಾಯ್ದೆಯ ನಿಯಮ. ಲೆಕ್ಕಕ್ಕೆ ಹಿಡಿದದ್ದು 2001ರ ಜನಗಣತಿ.

ಕೊರಟಗೆರೆಯಲ್ಲಿ 1994ರಿಂದ ಸತತ ಮೂರು ಬಾರಿ ಗೆದ್ದಿದ್ದ ಸಿ. ಚನ್ನಿಗಪ್ಪ ಅವರಿಗೆ ಆ ಕ್ಷೇತ್ರದ ಬಾಗಿಲು ಮುಚ್ಚಿತು. ಅವರ ಮಗ ಗೌರಿಶಂಕರ್ ಮಧುಗಿರಿಯಿಂದ ಗೆದ್ದರು. ಪರಮೇಶ್ವರ ಕೊರಟಗೆರೆಯಿಂದ ಗೆದ್ದರು. ಒಂದೇ ಚುನಾವಣೆಯಲ್ಲಿ ಎರಡು ನೆಲೆಗಳು ಅದಲುಬದಲಾದವು. ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿ ಹೊಸ ಕೊರಟಗೆರೆ ಕ್ಷೇತ್ರಕ್ಕೆ ಸೇರಿದ್ದರಿಂದ ಹಳೆಯ ಮತದಾರರಲ್ಲಿ ಒಂದು ಭಾಗ ಮಾತ್ರ ಪರಮೇಶ್ವರ ಅವರ ಜೊತೆ ಉಳಿಯಿತು.

ವಲಸೆ ಬಂದವರು ಬೇರೂರಲು ಎಷ್ಟು ಕಷ್ಟವೆಂಬುದು 2013ರಲ್ಲಿ ಕಂಡಿತು. ಕೆಪಿಸಿಸಿ ಅಧ್ಯಕ್ಷರಾಗಿ ಅವರು ಪಕ್ಷವನ್ನು ಅಧಿಕಾರಕ್ಕೆ ತಂದರು, ತಾವೇ ಜೆಡಿಎಸ್‌ನ ಪಿ.ಆರ್. ಸುಧಾಕರ್ ಲಾಲ್ ಎದುರು ಸೋತರು. ಈ ಸೋಲಿಗೆ ಪಕ್ಷದೊಳಗಿನ ಪೈಪೋಟಿಯನ್ನಷ್ಟೇ ಹೊಣೆ ಮಾಡುವ ವಿವರಣೆ ನನಗೆ ಸಾಲದೆನಿಸುತ್ತದೆ. ಐದೇ ವರ್ಷದ ಪರಿಚಯವಿದ್ದ ಕ್ಷೇತ್ರದಲ್ಲಿ ರಾಜ್ಯಮಟ್ಟದ ಹುದ್ದೆ ಊರಿನ ಒಡನಾಟಕ್ಕೆ ಬದಲಿಯಾಗಲಿಲ್ಲ. 2018ರಲ್ಲಿ ಅದೇ ಎದುರಾಳಿಯನ್ನು 7,619 ಮತಗಳಿಂದ ಸೋಲಿಸಿ ಉಪಮುಖ್ಯಮಂತ್ರಿಯಾದರು, 2023ರಲ್ಲೂ ಗೆದ್ದರು.

ಸಾಮಾನ್ಯ ಕ್ಷೇತ್ರವೆಂದರೆ ಹಿಂದುಳಿದ ಸಮುದಾಯಗಳಿಗೆ ಮುಚ್ಚಿದ ಬಾಗಿಲೆಂದು ತಿಳಿಯಬೇಕಿಲ್ಲ. ತಮ್ಮ ಬೆಳ್ಳಾವಿ ಕ್ಷೇತ್ರವೇ ಅಳಿಸಿಹೋದ ಮೇಲೆ ಪರಿಶಿಷ್ಟ ಪಂಗಡದ ಕೆ.ಎನ್. ರಾಜಣ್ಣ 2013 ಮತ್ತು 2023ರಲ್ಲಿ ಮಧುಗಿರಿಯಿಂದಲೇ ಗೆದ್ದರು. ಆದರೂ ಗಡಿ ಸರಿದಾಗ ನೆಲೆ ಕಳೆದುಕೊಳ್ಳುವುದು ಎಲ್ಲ ಪದ್ಧತಿಗಳಲ್ಲೂ ಅನಿವಾರ್ಯವಲ್ಲ. ಐರ್ಲೆಂಡಿನ ಡಬ್ಲಿನ್, ಕಾರ್ಕ್ ನಗರಸಭೆಗಳಲ್ಲಿ ಒಂದೊಂದು ಕ್ಷೇತ್ರದಿಂದ ಹಲವು ಸದಸ್ಯರು ಆಯ್ಕೆಯಾಗುವುದರಿಂದ ಗಡಿ ಸರಿದರೂ ಸದಸ್ಯ ತನ್ನ ಬಡಾವಣೆಯಲ್ಲೇ ಉಳಿಯುವ ಅವಕಾಶ ಹೆಚ್ಚು. ಒಬ್ಬರೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಆ ಅವಕಾಶವಿಲ್ಲ.

ಮೀಸಲಾತಿ ಬದಲಾಗದ ಪಾವಗಡವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2008ರಲ್ಲಿ ಪಕ್ಷೇತರರಾಗಿ ಗೆದ್ದ ವೆಂಕಟರಮಣಪ್ಪ ಅವರನ್ನು ಮತದಾರರು 2013ರಲ್ಲಿ ಬಿಟ್ಟು ಕೆ.ಎಂ. ತಿಮ್ಮರಾಯಪ್ಪ ಅವರನ್ನು ಆರಿಸಿದರು, 2018ರಲ್ಲಿ 409 ಮತಗಳಿಂದ ಮತ್ತೆ ವೆಂಕಟರಮಣಪ್ಪ ಅವರನ್ನೇ ಕರೆತಂದರು. ಆ ವರ್ಷ ಮಾರ್ಚ್ 1ರಂದು ಪಾವಗಡ ತಾಲ್ಲೂಕಿನದೇ ಆದ ತಿರುಮಣಿಯ ಸೌರ ವಿದ್ಯುತ್ ಪಾರ್ಕ್ ಉದ್ಘಾಟನೆಯಾಗಿತ್ತು. ಐದು ಗ್ರಾಮಗಳ ರೈತರು ಜಮೀನನ್ನು ಮಾರದೆ ಗುತ್ತಿಗೆಗೆ ಕೊಟ್ಟಿದ್ದರು. ಇಂಥ ಬದಲಾವಣೆಯ ನಡುವೆ ಪಾವಗಡದವರು ತಮ್ಮ ಪ್ರತಿನಿಧಿಯ ಕೆಲಸವನ್ನು ತೂಗಿ ನೋಡಿ, ಅದೇ ವ್ಯಕ್ತಿಗೆ ಮತ ಹಾಕಬಹುದಿತ್ತು ಅಥವಾ ನಿರಾಕರಿಸಬಹುದಿತ್ತು. ಮೂರು ಅವಧಿ ತಮ್ಮನ್ನು ಪ್ರತಿನಿಧಿಸಿದ ಪರಮೇಶ್ವರ ಅವರ ವಿಷಯದಲ್ಲಿ ಮಧುಗಿರಿಯ ಬಹುಪಾಲು ಮತದಾರರಿಗೆ 2008ರಲ್ಲಿ ಈ ಹಕ್ಕು ಸಿಗಲಿಲ್ಲ. 2026ರ ನಂತರದ ಮೊದಲ ಜನಗಣತಿಯ ಬೆನ್ನಿಗೆ ಬರುವ ಪುನರ್ವಿಂಗಡಣೆಯಲ್ಲಿ ಜನಸಂಖ್ಯೆಯ ಜೊತೆಗೆ ಮತದಾರರ ಈ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.